ಆರದ ಸಂಕೇತ: ಜೀವಕೋಶದೊಳಗಿನ ಸ್ವಿಚ್ಚು ಸಿಕ್ಕಿಕೊಂಡಾಗ

ಕಾಲರಾ ತೀವ್ರವಾದಾಗ ರೋಗಿಯ ಮೈಯಿಂದ ಗಂಟೆಗೆ ಒಂದು ಲೀಟರಿನವರೆಗೂ ನೀರು ಹೊರಟುಹೋಗಬಹುದು. ಅಂಥ ಹೊತ್ತಿನಲ್ಲೂ ಸಣ್ಣಕರುಳಿನ ಒಳಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೆಚ್ಚುಕಡಿಮೆ ನೆಟ್ಟಗೇ ಇರುತ್ತದೆ. ಹುಣ್ಣಿಲ್ಲ, ಹರಿದಿಲ್ಲ, ಬ್ಯಾಕ್ಟೀರಿಯಾ ಕೋಶದೊಳಗೆ ನುಗ್ಗಿಯೂ ಇಲ್ಲ. ಕೆಟ್ಟಿರುವುದು ಒಂದು ಪ್ರೋಟೀನಿನ ಒಂದೇ ಗುಣ: ಹೊತ್ತಿಕೊಂಡ ಮೇಲೆ ತಾನಾಗಿ ಆರುವುದು.

ಆ ಪ್ರೋಟೀನಿಗೆ ಜಿ-ಎಸ್ ಎಂದು ಹೆಸರು. ಹಾರ್ಮೋನು ಬಂದು ಕೋಶಪೊರೆಯ ಗ್ರಾಹಕದ ಮೇಲೆ ಕೂತಾಗ ಜಿ-ಎಸ್ ಜಿಟಿಪಿ ಎಂಬ ಅಣುವನ್ನು ಹಿಡಿದುಕೊಂಡು ಚಾಲೂ ಆಗುತ್ತದೆ. ಸ್ವಲ್ಪ ಹೊತ್ತಿಗೆ ಆ ಜಿಟಿಪಿಯ ಮೂರು ಫಾಸ್ಫೇಟುಗಳಲ್ಲಿ ಕೊನೆಯದನ್ನು ತಾನೇ ಕತ್ತರಿಸಿ, ಜಿಡಿಪಿ ಮಾಡಿಕೊಂಡು ತಣ್ಣಗಾಗುತ್ತದೆ. ಕಾಲರಾ ವಿಷ ಬಂದು ಈ ಕತ್ತರಿಯ ಜಾಗದಲ್ಲಿರುವ ಆರ್ಜಿನಿನ್ ಎಂಬ ಅಮೈನೊ ಆಮ್ಲಕ್ಕೆ ಎಡಿಪಿ-ರೈಬೋಸ್ ತುಂಡೊಂದನ್ನು ಅಂಟಿಸಿಬಿಡುತ್ತದೆ. ಕತ್ತರಿ ಆಡುವುದಿಲ್ಲ. ಚಾಲೂ ಇದ್ದೇ ಇರುವ ಜಿ-ಎಸ್‌ನಿಂದಾಗಿ ಕೋಶದೊಳಗೆ ಸಂಕೇತ ಒಯ್ಯುವ ಸೈಕ್ಲಿಕ್ ಎಎಂಪಿ ಎಂಬ ಅಣು ಏರುತ್ತಲೇ ಹೋಗುತ್ತದೆ, ಕೋಶದ ಕ್ಲೋರೈಡ್ ಬಾಗಿಲು ತೆರೆದೇ ಉಳಿಯುತ್ತದೆ, ಕ್ಲೋರೈಡಿನ ಹಿಂದೆ ಸೋಡಿಯಂ, ಅದರ ಹಿಂದೆ ನೀರು.

ಚಿಕಿತ್ಸೆ ಈ ಸ್ವಿಚ್ಚಿನ ತಂಟೆಗೇ ಹೋಗುವುದಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಅದೇ ಕೋಶದಲ್ಲಿ ಒಂದು ಗ್ಲೂಕೋಸ್ ಜೊತೆ ಎರಡು ಸೋಡಿಯಂ ಅಯಾನುಗಳನ್ನು ಒಳಕ್ಕೆಳೆಯುವ ಇನ್ನೊಂದು ಬಾಗಿಲಿದೆ, ಅದಕ್ಕೆ ವಿಷ ತಾಕಿರುವುದಿಲ್ಲ. ಓಆರ್‌ಎಸ್ ಕೆಲಸ ಮಾಡುವುದು ಅಲ್ಲಿಂದ. ಒಂದು ಲೀಟರ್ ನೀರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6, ಪೊಟ್ಯಾಸಿಯಂ ಕ್ಲೋರೈಡ್ 1.5, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಸಿಹಿಯಾಗಲಿ ಎಂದು ಸಕ್ಕರೆ ಹೆಚ್ಚಿಸಿದರೆ ಹೀರಿಕೊಳ್ಳದೆ ಉಳಿದ ಸಕ್ಕರೆ ನೀರನ್ನು ಕರುಳಿನ ಒಳಕ್ಕೇ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ವಿಷ ತಾಕಿದ ಕೋಶಗಳು ಕೆಲವೇ ದಿನಗಳಲ್ಲಿ ಉದುರಿ ಹೊಸವು ಬರುತ್ತವೆ. ಅಲ್ಲಿಯವರೆಗೆ ರೋಗಿಯ ಮೈಯಲ್ಲಿ ನೀರು ಉಳಿಸಿಕೊಂಡರೆ ಸಾಕು.

ಇದೇ ಬಗೆಯ ಕತ್ತರಿ ಕ್ಯಾನ್ಸರಿನಲ್ಲಿ ಕೆಟ್ಟಾಗ ಇಷ್ಟು ಸಲೀಸಾದ ಅಡ್ಡದಾರಿ ಇಲ್ಲ. ಅಲ್ಲಿ ಸ್ವಿಚ್ಚು ಸಿಕ್ಕಿಕೊಂಡ ಕೋಶ ಉದುರುವ ಬದಲು ಒಡೆದು ಎರಡಾಗುತ್ತದೆ.

ರಾಸ್ ಎಂಬುದು ಸುಮಾರು 190 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನು, ಕೋಶಪೊರೆಯ ಒಳಮೈಗೆ ಅಂಟಿಕೊಂಡಿರುತ್ತದೆ. ‘ಬೆಳೆ, ಒಡೆ’ ಎಂಬ ಆದೇಶ ಹೊರಗಿನಿಂದ ಬಂದಾಗ ಸಾಸ್ ಎಂಬ ಸಹಾಯಕ ಪ್ರೋಟೀನು ರಾಸ್‌ನಿಂದ ಹಳೆಯ ಜಿಡಿಪಿಯನ್ನು ಕಿತ್ತು ಜಿಟಿಪಿಗೆ ಜಾಗ ಮಾಡುತ್ತದೆ. ಅಲ್ಲಿಂದ ಸಂಕೇತ ಪ್ರೋಟೀನಿನಿಂದ ಪ್ರೋಟೀನಿಗೆ, ರಾಫ್‌ಗೆ, ರಾಫ್‌ನಿಂದ ಮೆಕ್‌ಗೆ, ಮೆಕ್‌ನಿಂದ ಎರ್ಕ್‌ಗೆ ದಾಟಿ ಕೋಶಕೇಂದ್ರ ಮುಟ್ಟುತ್ತದೆ. ಆರಿಸುವ ಕೆಲಸದಲ್ಲಿ ರಾಸ್ ಒಂಟಿಯಾಗಿ ಬಹಳ ನಿಧಾನಿ, ಹತ್ತಾರು ನಿಮಿಷ ತೆಗೆದುಕೊಳ್ಳುತ್ತದೆ. ಗ್ಯಾಪ್ ಎಂಬ ಇನ್ನೊಂದು ಪ್ರೋಟೀನು ಬಂದು ತನ್ನ ಆರ್ಜಿನಿನ್ ಒಂದನ್ನು ಬೆರಳಿನಂತೆ ರಾಸ್‌ನ ಬಿರುಕಿನೊಳಗೆ ತೂರಿಸಿದರೆ ಕತ್ತರಿಯ ವೇಗ ಸುಮಾರು ಲಕ್ಷ ಪಟ್ಟು ಏರುತ್ತದೆ.

ಆ ಬೆರಳು ತೂರುವ ಜಾಗದಲ್ಲೇ ಇದೆ 12ನೆಯ ಅಮೈನೊ ಆಮ್ಲ, ಗ್ಲೈಸಿನ್. ಅಮೈನೊ ಆಮ್ಲಗಳಲ್ಲೇ ಅತಿ ಚಿಕ್ಕದು, ಅದರ ಪಕ್ಕಕ್ಕೆ ಚಾಚಿಕೊಂಡಿರುವುದು ಒಂದು ಹೈಡ್ರೋಜನ್ ಮಾತ್ರ. ಜಾಗ ಅಷ್ಟು ಇಕ್ಕಟ್ಟು. ಡಿಎನ್‌ಎಯ ಒಂದಕ್ಷರ ಬದಲಾಗಿ ಜಿಜಿಟಿ ಎಂಬುದು ಟಿಜಿಟಿ ಆದರೆ ಗ್ಲೈಸಿನ್ ಹೋಗಿ ಸಿಸ್ಟೀನ್ ಬರುತ್ತದೆ, ಬೆರಳು ತೂರುವುದಿಲ್ಲ. ಜಿ ಹೋಗಿ ಟಿ ಬರುವ ಈ ಬದಲಾವಣೆ ತಂಬಾಕಿನ ಹೊಗೆ ಡಿಎನ್‌ಎ ಮೇಲೆ ಬಿಡುವ ಗುರುತು ಕೂಡ ಹೌದು. ಜಿ12ಸಿ ಎಂದು ಕರೆಯುವ ಈ ದೋಷ ಧೂಮಪಾನಿಗಳ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಕಾಣುವುದಕ್ಕೆ ಅದೇ ಕಾರಣ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಗಡ್ಡೆಗಳಲ್ಲಿ ರಾಸ್‌ನ ಒಂದು ಬಗೆಯಾದ ಕೆ-ರಾಸ್ ಕೆಟ್ಟಿರುತ್ತದೆ, ಅಲ್ಲಿ ಸಿಸ್ಟೀನ್‌ಗಿಂತ ಆಸ್ಪಾರ್ಟಿಕ್ ಆಮ್ಲದ್ದೇ ಕಾರುಬಾರು.

12ನೆಯ ಜಾಗದ ದೋಷ ಪತ್ತೆಯಾದದ್ದು 1982ರಲ್ಲಿ, ಮೂತ್ರಕೋಶದ ಕ್ಯಾನ್ಸರ್ ಕೋಶಗಳಲ್ಲಿ. ರಾಸ್‌ಗೆಂದೇ ತಯಾರಾದ ಮೊದಲ ಔಷಧ ಸೊಟೊರಾಸಿಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ. ನಡುವೆ 39 ವರ್ಷ. ಸೋಮಾರಿತನವೇನಲ್ಲ. ರಾಸ್ ಜಿಟಿಪಿಯನ್ನು ಹಿಡಿಯುವ ಬಿಗಿ ಪಿಕೊಮೋಲಾರ್ ಮಟ್ಟದ್ದು, ಅಂದರೆ ಜಿಟಿಪಿ ಅತ್ಯಲ್ಪವಿದ್ದರೂ ಹಿಡಿದುಕೊಳ್ಳುತ್ತದೆ, ಕೋಶದಲ್ಲಿ ಜಿಟಿಪಿ ಇರುವುದು ಆ ಅತ್ಯಲ್ಪದ ಕೋಟಿಗಟ್ಟಲೆ ಪಟ್ಟು. ಆ ಜಾಗಕ್ಕೆ ಪೈಪೋಟಿ ಕೊಡುವ ಮಾತ್ರೆ ಮಾಡಲು ಸಾಧ್ಯವಿಲ್ಲ. ಉಳಿದ ಮೈಯೆಲ್ಲ ನುಣುಪು, ಔಷಧದ ಅಣು ಕಾಲೂರಲು ಒಂದು ಗುಳಿಯೂ ಕಾಣುತ್ತಿರಲಿಲ್ಲ. 2013ರಲ್ಲಿ ಅಮೆರಿಕದ ವಿಜ್ಞಾನಿ ಕೆವನ್ ಶೋಕಟ್ ಅವರ ತಂಡ ಆ ಕೆಟ್ಟ ಸಿಸ್ಟೀನನ್ನೇ ಕೊಕ್ಕೆಯಾಗಿ ಬಳಸಿತು. ಗಂಧಕವಿರುವ ಸಿಸ್ಟೀನ್‌ಗೆ ಅಂಟುವ ಅಣುಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ, ಅಣು ಬಂದು ಕೂತ ಮೇಲಷ್ಟೇ ತೆರೆದುಕೊಳ್ಳುವ ಗುಳಿಯೊಂದು ಪಕ್ಕದಲ್ಲಿ ಸಿಕ್ಕಿತು. ನೆಟ್ಟಗಿರುವ ರಾಸ್‌ನಲ್ಲಿ ಆ ಸಿಸ್ಟೀನ್ ಇಲ್ಲದ್ದರಿಂದ ಔಷಧ ಆರೋಗ್ಯವಂತ ಕೋಶಗಳ ರಾಸ್ ಅನ್ನು ಮುಟ್ಟುವುದಿಲ್ಲ. ರೋಗದ ಗುರುತನ್ನೇ ರೋಗದ ಹಿಡಿಕೆ ಮಾಡಿಕೊಂಡ ಇಷ್ಟು ಚೊಕ್ಕ ಉದಾಹರಣೆ ಔಷಧಶಾಸ್ತ್ರದಲ್ಲಿ ಕಡಿಮೆ.

ಆದರೆ ಆ ಗುಳಿ ಇರುವುದು ರಾಸ್ ಆರಿದ ಸ್ಥಿತಿಯಲ್ಲಿರುವಾಗ, ಅಂದರೆ ಜಿಡಿಪಿ ಹಿಡಿದಿರುವಾಗ ಮಾತ್ರ. ಸದಾ ಚಾಲೂ ಇರುವ ಸ್ವಿಚ್ಚಿಗೆ, ಆರಿದಾಗ ಮಾತ್ರ ಹಿಡಿಯುವ ಮದ್ದು! ಹಾಗಿದ್ದೂ ಅದು ಕೆಲಸ ಮಾಡುತ್ತದೆ, ಏಕೆಂದರೆ ಜಿ12ಸಿ ದೋಷದಲ್ಲಿ ರಾಸ್‌ನ ಸ್ವಂತ ನಿಧಾನದ ಕತ್ತರಿ ಉಳಿದಿರುತ್ತದೆ. ಅದು ಆಗಾಗ ಆರುತ್ತದೆ, ಆರಿದಾಗ ಔಷಧ ಬೀಗ ಹಾಕುತ್ತದೆ. ಈ ಒಂದು ವಿವರವೇ ಮುಂದಿನ ಯಶಸ್ಸಿಗೂ ಸೋಲಿಗೂ ಕಾರಣವಾಯಿತು.

ಸೋಲಿನ ಕತೆಗೆ ಮೊದಲು ಅಳತೆಯ ವಿಷಯ. ಸಂಕೇತ ಆರಿದೆಯೋ ಇಲ್ಲವೋ ಎಂದು ತಿಳಿಯಲು ಪ್ರಯೋಗಾಲಯದಲ್ಲಿ ಎರ್ಕ್‌ಗೆ ಫಾಸ್ಫೇಟ್ ಅಂಟಿದೆಯೇ (ಅಂಟಿದ್ದರೆ ಅದು ಚಾಲೂ) ಎಂದು ವೆಸ್ಟರ್ನ್ ಬ್ಲಾಟ್‌ನಲ್ಲಿ, ಅಂದರೆ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ, ತೆಳು ಪೊರೆಯೊಂದಕ್ಕೆ ಇಳಿಸಿ, ಪ್ರತಿಕಾಯದಿಂದ ಗುರುತಿಸುವ ವಿಧಾನದಲ್ಲಿ ನೋಡುತ್ತಾರೆ. 44 ಮತ್ತು 42 ಕಿಲೋಡಾಲ್ಟನ್‌ಗಳಲ್ಲಿ ಜೋಡಿ ಪಟ್ಟಿ ಬರಬೇಕು. ಬಾರದಿದ್ದರೆ ಔಷಧದ ಪ್ರಭಾವ ಎಂದು ಹಿಗ್ಗುವ ಮೊದಲು ತಯಾರಿಯನ್ನು ಅನುಮಾನಿಸಬೇಕು. ಕೋಶ ಒಡೆದ ಕ್ಷಣದಿಂದಲೇ ಅದರ ಫಾಸ್ಫಟೇಸ್ ಕಿಣ್ವಗಳು ಫಾಸ್ಫೇಟುಗಳನ್ನು ಕಿತ್ತುಹಾಕತೊಡಗುತ್ತವೆ. ಹಾಗಾಗಿ ಮಂಜುಗಡ್ಡೆಯ ಮೇಲೆ ಕೆಲಸ, ಒಡೆಯುವ ದ್ರಾವಣದಲ್ಲಿ ಆ ಕಿಣ್ವಗಳನ್ನು ತಡೆಯಲು ಸೋಡಿಯಂ ಫ್ಲೋರೈಡ್, ಜೊತೆಗೆ 1 ಮಿಲಿಮೋಲಾರ್ ಸೋಡಿಯಂ ಆರ್ಥೊವನಡೇಟ್. ಈ ವನಡೇಟನ್ನು ಪಿಎಚ್ 10ಕ್ಕೆ ತಂದು, ಹಳದಿ ಬಣ್ಣ ಹೋಗುವವರೆಗೆ ಕುದಿಸಿ, ತಣಿಸಿ, ಮತ್ತೆ ಪಿಎಚ್ ಸರಿಮಾಡಿ, ಬಣ್ಣ ಮರಳದಷ್ಟು ಸಲ ಹೀಗೇ ಮಾಡಬೇಕು. ಹಳದಿಯೆಂದರೆ ಹತ್ತು ವನಡೇಟುಗಳು ಸೇರಿ ಗುಂಪುಕಟ್ಟಿವೆ ಎಂದು, ಆ ಗುಂಪು ಕಿಣ್ವವನ್ನು ಸರಿಯಾಗಿ ತಡೆಯುವುದಿಲ್ಲ. ಇನ್ನು ಬ್ಲಾಟಿನ ಪೊರೆಯ ಖಾಲಿ ಜಾಗ ಮುಚ್ಚಲು ಹಾಲಿನ ಪುಡಿ ಬಳಸಿದರೆ, ಹಾಲಿನ ಕೇಸೀನ್ ಸ್ವತಃ ಫಾಸ್ಫೇಟ್ ಹೊತ್ತ ಪ್ರೋಟೀನಾದ್ದರಿಂದ ಹಿನ್ನೆಲೆ ಮಸುಕಾಗಬಹುದು. ಅದಕ್ಕೇ ಹಲವರು 5% ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್) ಬಳಸುವುದು.

ಇಷ್ಟೆಲ್ಲ ಸರಿಮಾಡಿದರೂ ಬ್ಲಾಟ್ ಹೇಳುವುದು ಲಕ್ಷಾಂತರ ಕೋಶಗಳ ಸರಾಸರಿ. ಒಂದೊಂದು ಕೋಶ ಒಂದೊಂದು ಹೊತ್ತಿಗೆ ಮಿಣುಕಿದರೆ ಸರಾಸರಿಯಲ್ಲಿ ಎಲ್ಲವೂ ಮಂದವಾಗಿ, ಸಮನಾಗಿ ಉರಿಯುತ್ತಿರುವಂತೆ ಕಾಣುತ್ತದೆ. ಕಳೆದ ದಶಕದಲ್ಲಿ ಇದನ್ನು ದಾಟಲು ಬೆಳಗುವ ಸೂಚಕಗಳು ಬಂದವು: ಎರ್ಕ್ ಚಾಲೂ ಆದಾಗ ಕೋಶಕೇಂದ್ರದಿಂದ ಹೊರಕ್ಕೆ, ಆರಿದಾಗ ಒಳಕ್ಕೆ ಓಡುವ ಹೊಳೆಯುವ ಪ್ರೋಟೀನುಗಳು. ಜೀವಂತ ಕೋಶದ ಚಲನಚಿತ್ರ ತೆಗೆದು ಒಳಹೊರಗಿನ ಹೊಳಪಿನ ಅನುಪಾತ ಲೆಕ್ಕ ಹಾಕಿದರಾಯಿತು. ಎರ್ಕ್ ಮಿಡಿತಗಳಾಗಿ ಬರುತ್ತದೆ, ಕೋಶ ಆ ಮಿಡಿತಗಳ ಅಂತರವನ್ನು ಓದುತ್ತದೆ ಎಂದು ಹೀಗೆ ಕಣ್ಣಿಗೆ ಕಂಡಿತು. 2018ರಲ್ಲಿ ಪ್ರಕಟವಾದ ಒಂದು ಕೆಲಸದಲ್ಲಿ ಬೆಳಕಿನಿಂದ ರಾಸ್ ದಾರಿಯನ್ನು ಹೊತ್ತಿಸಿ ಆರಿಸಿ ನೋಡಿದರು. ರಾಫ್‌ನ ಒಂದು ಬಗೆಯಾದ ಬಿ-ರಾಫ್‌ನಲ್ಲಿ ಕೆಲವು ದೋಷಗಳಿರುವ ಕ್ಯಾನ್ಸರ್ ಕೋಶಗಳಲ್ಲಿ ದೀಪ ಆರಿದ ಮೇಲೂ ಸಂಕೇತ ಬಹಳ ಹೊತ್ತು ಎಳೆದಾಡಿತು. ಬಿಡಿಬಿಡಿ ಮಿಡಿತಗಳು ಒಂದಕ್ಕೊಂದು ಕೂಡಿಕೊಂಡು, ಕೋಶ ಅವನ್ನು ‘ನಿರಂತರ ಆದೇಶ’ ಎಂದು ತಪ್ಪಾಗಿ ಓದಿ ಒಡೆಯತೊಡಗಿತು. ಸ್ವಿಚ್ಚು ಪೂರ್ತಿ ಸಿಕ್ಕಿಕೊಳ್ಳಲೇಬೇಕೆಂದಿಲ್ಲ, ಆರುವುದು ತಡವಾದರೂ ಸಾಕು.

ಈಗ ಔಷಧದ ಕಡೆಗೆ. ಸೊಟೊರಾಸಿಬ್ ದಿನಕ್ಕೆ 960 ಮಿಲಿಗ್ರಾಂ. ಜಠರದ ಆಮ್ಲ ತಗ್ಗಿದರೆ ಇದು ಸರಿಯಾಗಿ ಹೀರಲ್ಪಡುವುದಿಲ್ಲ, ಹಾಗಾಗಿ ಒಮೆಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆಗಳ ಜೊತೆ ಕೊಡುವುದಿಲ್ಲ. ಶ್ವಾಸಕೋಶದ ಕ್ಯಾನ್ಸರಿನ ಮೊದಲ ದೊಡ್ಡ ಪರೀಕ್ಷೆಯಲ್ಲಿ 37% ರೋಗಿಗಳ ಗಡ್ಡೆ ಗಣನೀಯವಾಗಿ ಕುಗ್ಗಿತು. ಅದೇ ದೋಷವಿರುವ ದೊಡ್ಡಕರುಳಿನ ಕ್ಯಾನ್ಸರಿನಲ್ಲಿ ಸುಮಾರು 10% ಮಾತ್ರ. ಬೀಗ ಒಂದೇ, ಬಾಗಿಲು ಬೇರೆ.

ಎರ್ಕ್ ಉರಿಯುವಾಗ ತನ್ನ ಮೇಲಿನವರನ್ನೇ ಅದುಮಿಡುತ್ತದೆ. ಸಾಸ್‌ಗೆ ಫಾಸ್ಫೇಟ್ ಅಂಟಿಸಿ ನಿಧಾನಗೊಳಿಸುತ್ತದೆ, ಸ್ಪ್ರೌಟಿಯಂಥ ತಡೆ ಪ್ರೋಟೀನುಗಳನ್ನು ತಯಾರು ಮಾಡಿಸುತ್ತದೆ. ಔಷಧ ಎರ್ಕ್ ಅನ್ನು ಆರಿಸಿದರೆ ಈ ಬ್ರೇಕುಗಳೂ ಸಡಿಲವಾಗುತ್ತವೆ. ದೊಡ್ಡಕರುಳಿನ ಕೋಶಗಳಲ್ಲಿ ‘ಬೆಳೆ’ ಎಂಬ ಆದೇಶವನ್ನು ಹಿಡಿಯುವ ಇಜಿಎಫ್‌ಆರ್ ಗ್ರಾಹಕ ಮೊದಲೇ ಚುರುಕು, ಬ್ರೇಕು ಹೋದೊಡನೆ ಅದು ರಾಸ್‌ಗೆ ಜಿಟಿಪಿ ತುಂಬತೊಡಗುತ್ತದೆ. ಜಿಟಿಪಿ ತುಂಬಿದ ರಾಸ್‌ಗೆ ಈ ಔಷಧ ಅಂಟುವುದಿಲ್ಲವಲ್ಲ! ಬಿ-ರಾಫ್ ಔಷಧಗಳು ಇದೇ ಕರುಳಿನಲ್ಲಿ ಇದೇ ಕಾರಣಕ್ಕೆ ಎಡವಿದ್ದು 2012ರಲ್ಲೇ ಗೊತ್ತಾಗಿತ್ತು, ಪಾಠ ಎರಡನೆಯ ಸಲ ಕಲಿತಂತಾಯಿತು. ಪರಿಹಾರವೂ ಅದೇ: ಇಜಿಎಫ್‌ಆರ್ ಅನ್ನು ಹೊರಗಿನಿಂದ ಮುಚ್ಚುವ ಪ್ರತಿಕಾಯವನ್ನು ಜೊತೆಗೆ ಕೊಡುವುದು. ಸೊಟೊರಾಸಿಬ್ ಜೊತೆ ಪ್ಯಾನಿಟುಮುಮ್ಯಾಬ್ ಎಂಬ ಅಂಥ ಪ್ರತಿಕಾಯ ಸೇರಿಸಿದಾಗ ಕರುಳಿನ ಕ್ಯಾನ್ಸರಿನಲ್ಲಿ ಗಡ್ಡೆ ಗಣನೀಯವಾಗಿ ಕುಗ್ಗಿದವರು 26%ಕ್ಕೇರಿದರು. 2025ರ ಜನವರಿಯಲ್ಲಿ ಅಮೆರಿಕದಲ್ಲಿ ಈ ಜೋಡಿಗೆ ಒಪ್ಪಿಗೆ ಸಿಕ್ಕಿತು.

ಚಾಲೂ ಸ್ಥಿತಿಯ ರಾಸ್ ಅನ್ನೇ ಹಿಡಿಯುವ ಇನ್ನೊಂದು ಉಪಾಯವೂ ಪರೀಕ್ಷೆಯಲ್ಲಿದೆ. ಡರಾಕ್ಸಾನ್‌ರಾಸಿಬ್ ಎಂಬ ಔಷಧ ಮೊದಲು ಕೋಶದಲ್ಲಿ ಹೇರಳವಾಗಿರುವ ಸೈಕ್ಲೋಫಿಲಿನ್-ಎ ಎಂಬ ಪ್ರೋಟೀನಿಗೆ ಅಂಟುತ್ತದೆ, ಆಮೇಲೆ ಆ ಜೋಡಿ ರಾಸ್‌ನ ಮೇಲೆ ಒರಗಿ ರಾಫ್ ಹತ್ತಿರ ಬರದಂತೆ ಅಡ್ಡ ನಿಲ್ಲುತ್ತದೆ. ನುಣುಪು ಮೈಗೆ ಗುಳಿ ಹುಡುಕುವ ಗೋಜೇ ಇಲ್ಲ. ಆದರೆ ಇದು ಆರೋಗ್ಯವಂತ ರಾಸ್‌ಗೂ ಅಡ್ಡ ನಿಲ್ಲುವುದರಿಂದ ಚರ್ಮದ ದದ್ದು, ಬಾಯಿಹುಣ್ಣುಗಳು ಬರುತ್ತವೆ.

ಜಿ12ಸಿ ಔಷಧ ಕೆಲಸ ಮಾಡಿದ ರೋಗಿಗಳಲ್ಲೂ ಸಾಮಾನ್ಯವಾಗಿ ಕೆಲವು ತಿಂಗಳುಗಳಲ್ಲಿ ಗಡ್ಡೆ ಮತ್ತೆ ಬೆಳೆಯುತ್ತದೆ. ಆಗ ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎ ಓದಿದರೆ ಕೆಲವೊಮ್ಮೆ ಆ ಗುಳಿಯ ಗೋಡೆಯೇ ಬದಲಾಗಿರುವುದು ಕಾಣುತ್ತದೆ. 96ನೆಯ ಟೈರೋಸಿನ್ ಬದಲಾಗಿದ್ದರೆ ಸೊಟೊರಾಸಿಬ್ ಆಗಲಿ, 2022ರಲ್ಲಿ ಬಂದ ಅದೇ ಬಗೆಯ ಅಡಾಗ್ರಾಸಿಬ್ ಆಗಲಿ ಹಿಡಿಯುವುದಿಲ್ಲ. 95ನೆಯ ಹಿಸ್ಟಿಡಿನ್ ಬದಲಾಗಿದ್ದರೆ ಅಡಾಗ್ರಾಸಿಬ್ ಜಾರುತ್ತದೆ, ಸೊಟೊರಾಸಿಬ್ ಪ್ರಯೋಗಾಲಯದ ಕೋಶಗಳಲ್ಲಿ ಇನ್ನೂ ಅಂಟುತ್ತದೆ.