ಹೆಂಡತಿಗೆ ಹೇಳದೆ ನುಂಗುವ ಮಾತ್ರೆ

ನಿಮಿರುವಿಕೆಯ ತೊಂದರೆ ಅಂತ ಬರುವ ಗಂಡಸರಲ್ಲಿ ಹೆಚ್ಚಿನವರು ಒಬ್ಬರೇ ಬರುತ್ತಾರೆ. ಬಾಗಿಲು ಹಾಕಿದ ಕೂಡಲೇ ಮೊದಲ ಮಾತು, ‘ಹೆಂಡತಿಗೆ ಗೊತ್ತಾಗಬಾರದು ಡಾಕ್ಟ್ರೇ.’ ಅಲ್ಲ ಸ್ವಾಮಿ, ಪಕ್ಕದಲ್ಲೇ ಮಲಗುವವಳಿಗೆ ಗೊತ್ತಾಗದೇ ಇರುತ್ತಾ? ಏನಾಗುತ್ತಿದೆ ಅನ್ನೋದು ಆಕೆಗೆ ಗೊತ್ತು. ಯಾಕೆ ಅನ್ನೋದು ಗೊತ್ತಿಲ್ಲ, ಅಷ್ಟೇ. ನೀವು ಬಾಯಿ ಬಿಡದಿದ್ದರೆ ಕಾರಣವನ್ನು ಆಕೆಯೇ ಊಹಿಸಿಕೊಳ್ಳುತ್ತಾಳೆ. ‘ನಾನು ಇವರಿಗೆ ಬೇಡವಾಗಿದ್ದೇನೆ’, ಇಲ್ಲವೇ ‘ಇನ್ಯಾರೋ ಇದ್ದಾಳೆ’.

ಒಬ್ಬರ ಹೆಂಡತಿಗೆ ಬಟ್ಟೆ ಒಗೆಯಲು ಹಾಕುವಾಗ ಪ್ಯಾಂಟಿನ ಜೇಬಿನಲ್ಲಿ ಮಾತ್ರೆಯ ಹಾಳೆ ಸಿಕ್ಕಿತು. ನಾಲ್ಕರಲ್ಲಿ ಎರಡು ಖಾಲಿ. ಮನೆಯಲ್ಲಂತೂ ಏನೂ ನಡೆದಿರಲಿಲ್ಲ. ಮತ್ತೆ ಎಲ್ಲಿ ನಡೆಯಿತು? ಪಾಪ, ಆತ ಎರಡನ್ನೂ ನುಂಗಿದ್ದು ಆಕೆಗಾಗಿಯೇ. ಒಂದು ರಾತ್ರಿ ಊಟದ ಹೊತ್ತಿಗೆ ಜಗಳವಾಗಿತ್ತು. ಇನ್ನೊಂದು ರಾತ್ರಿ ಆಕೆ ಮಲಗುವವರೆಗೂ ಫೋನ್ ನೋಡುತ್ತಾ ಕೂತಿದ್ದರು, ಭಯದಿಂದ. ‘ಮಾತ್ರೆಯೇ ಡೂಪ್ಲಿಕೇಟ್ ಇರಬೇಕು’ ಅಂತ ನನ್ನ ಹತ್ತಿರ ದೂರಿದರು!

ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗದ ಮಾತು ಇದು. 1998ರಲ್ಲಿ ಬಂದ ಸಿಲ್ಡೆನಾಫಿಲ್, ಅಂದರೆ ವಯಾಗ್ರ ಮಾತ್ರೆಯಲ್ಲಿರುವ ಔಷಧಿ, ಆಸೆ ಹುಟ್ಟಿಸುವಂಥದ್ದಲ್ಲ. ಮನಸ್ಸು ಕೆರಳಿದಾಗ ನರಗಳು ನೈಟ್ರಿಕ್ ಆಕ್ಸೈಡ್ ಬಿಡುತ್ತವೆ, ರಕ್ತನಾಳ ಸಡಿಲವಾಗುತ್ತದೆ, ರಕ್ತ ತುಂಬುತ್ತದೆ. ಮಾತ್ರೆ ಮಾಡುವುದು ಆ ಸಡಿಲಿಕೆ ಬೇಗ ಮುಗಿಯದಂತೆ ತಡೆಯುವುದಷ್ಟೇ. ಶುರುವೇ ಆಗದಿದ್ದರೆ ಅದು ಏನನ್ನು ಉಳಿಸಬೇಕು? ಕೋಪ, ಹೆದರಿಕೆ, ‘ಇವತ್ತೂ ಆಗದಿದ್ದರೆ?’ ಅನ್ನುವ ಲೆಕ್ಕಾಚಾರ, ಇವೆಲ್ಲ ಅಡ್ರಿನಲಿನ್ ಏರಿಸುತ್ತವೆ. ಅಡ್ರಿನಲಿನ್ ಅದೇ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಹಾಸಿಗೆಯಲ್ಲಿ ತನ್ನನ್ನೇ ಪರೀಕ್ಷೆ ಮಾಡಿಕೊಳ್ಳುತ್ತಾ ಕೂತವನಿಗೆ ಮಾತ್ರೆ ಎಷ್ಟು ಸಹಾಯ ಮಾಡೀತು? ಮಗು ಆಗಲೆಂದು ‘ಇವತ್ತೇ ದಿನ’ ಅಂತ ತಾರೀಕು ನೋಡಿ ಸೇರುವ ದಂಪತಿಗಳಲ್ಲೂ ಇದನ್ನೇ ನೋಡುತ್ತೇನೆ. ಉಳಿದ ದಿನ ಸರಿ ಇರುತ್ತದೆ, ಆ ದಿನ ಮಾತ್ರ ಕೈಕೊಡುತ್ತದೆ.

ಹಾಗಂತ ಎಲ್ಲವೂ ಮನಸ್ಸಿನದೇ ಅಂತ ನಾನು ಹೇಳುತ್ತಿಲ್ಲ. ಸಕ್ಕರೆ ಕಾಯಿಲೆ, ಬಿಪಿ, ಸಿಗರೇಟು, ಖಿನ್ನತೆಯ ಕೆಲವು ಮಾತ್ರೆಗಳು ಕೂಡ ಕಾರಣ ಇರಬಹುದು. ಕೆಲವರಲ್ಲಿ ಹೃದಯದ ಕಾಯಿಲೆಗೆ ಇದೇ ಮುನ್ಸೂಚನೆ. ಬೆಳಗಿನ ನಿಮಿರುವಿಕೆಯೂ ನಿಂತಿದ್ದರೆ ದೇಹದ ಕಡೆ ಜಾಸ್ತಿ ಗಮನ ಕೊಡುತ್ತೇನೆ. ಇದ್ದರೂ ಪರೀಕ್ಷೆ ಬಿಡುವುದಿಲ್ಲ. ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರು ಈ ಮಾತ್ರೆ ಮುಟ್ಟಲೇಬಾರದು. ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬಂದೀತು. ಗೆಳೆಯ ಕೊಟ್ಟನೆಂದು ಸುಮ್ನೆ ನುಂಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಆದರೆ ಮೂಲ ಸಕ್ಕರೆ ಕಾಯಿಲೆಯೇ ಆಗಿದ್ದರೂ ಮುಚ್ಚಿಟ್ಟರೆ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ಸೋಲಬಾರದೆಂದು ಆತ ಮುಟ್ಟುವುದನ್ನೇ ಬಿಡುತ್ತಾನೆ. ಕೈ ಹಿಡಿದರೆ ಮುಂದಿನದೂ ಬೇಕಾಗುತ್ತದಲ್ವಾ ಎಂಬ ಭಯ. ಆಕೆಯೂ ಬೇಸತ್ತು ಗೋಡೆ ಕಡೆ ತಿರುಗುತ್ತಾಳೆ.

ಅದಕ್ಕೇ ಇಬ್ಬರೂ ಬನ್ನಿ ಅನ್ನುತ್ತೇನೆ. ಹೊಡೆತ, ಬೆದರಿಕೆ ಇರುವ ಮನೆಯಾದರೆ ಒತ್ತಾಯಿಸುವುದಿಲ್ಲ, ಆಗ ದಾರಿ ಬೇರೆ. ಉಳಿದವರಿಗೆ ಅಮೆರಿಕದ ಲೈಂಗಿಕತೆಯ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ವಿವರಿಸಿದ ಅಭ್ಯಾಸವನ್ನೇ ಇವತ್ತಿಗೂ ಕೊಡುತ್ತೇವೆ. ಕೆಲವು ವಾರ ಸಂಭೋಗ ಪೂರ್ತಿ ನಿಷೇಧ, ಬರೀ ಮುಟ್ಟುವುದು. ನಿಮಿರಬೇಕೆಂಬ ಹಂಗೇ ಇಲ್ಲ. ಎಲ್ಲರಿಗೂ ಇಷ್ಟರಲ್ಲೇ ಗುಣವಾಗುತ್ತದೆ ಅಂತಲ್ಲ. ಆದರೆ ಮುಂದಿನ ಭೇಟಿಯಲ್ಲಿ ಕೆಲವು ಜೋಡಿಗಳು ಮುಖ ಮುಖ ನೋಡಿಕೊಂಡು, ‘ಡಾಕ್ಟ್ರೇ, ನೀವು ಬೇಡ ಅಂದಿದ್ರಿ, ತಡೆಯೋಕಾಗಲಿಲ್ಲ’ ಅಂತ ತಪ್ಪು ಒಪ್ಪಿಕೊಳ್ಳುತ್ತಾರೆ. ಬೈಯುವ ನಾಟಕ ಮಾಡಿ ಕಳಿಸುತ್ತೇನೆ.