ಗಡ್ಡೆ ತೆಗೆದ ಮೇಲೂ ಮಗುವಿನ ದೃಷ್ಟಿ ಯಾಕೆ ಮಂದ?

ಪ್ರಶ್ನೆ: ಮಗಳಿಗೆ 6 ವರ್ಷ. ಕಿರುಮೆದುಳಿನ ಗಡ್ಡೆ ತೆಗೆಸಿ ವರ್ಷವಾಯಿತು, ಎಂಆರ್‌ಐ ಚೆನ್ನಾಗಿದೆ. ಆದರೂ ಬೋರ್ಡಿನ ಅಕ್ಷರ ಕಾಣಿಸುವುದಿಲ್ಲ ಅನ್ನುತ್ತಾಳೆ. ದೃಷ್ಟಿ ಮರಳುತ್ತದೆಯೇ?

ಉತ್ತರ: ಕಿರುಮೆದುಳಿನ ಗಡ್ಡೆ ಕಣ್ಣಿನ ನರವನ್ನು ಮುಟ್ಟುವುದೇ ಇಲ್ಲ. ಅದು ಮೆದುಳಿನ ನೀರು ಹರಿಯುವ ದಾರಿಗೆ ಅಡ್ಡ ಕೂರುತ್ತದೆ, ತಲೆಯೊಳಗೆ ಒತ್ತಡ ಏರುತ್ತದೆ. ಕಣ್ಣಿನ ನರದ ಸುತ್ತಲೂ ಇದೇ ನೀರಿರುವುದರಿಂದ ಒತ್ತಡ ಅಲ್ಲಿಗೂ ತಲುಪಿ ನರದ ತುದಿ ಊದುತ್ತದೆ. ಆಗ ಮಗುವಿಗೆ ಕಣ್ಣು ನೋಯುವುದಿಲ್ಲ. ಬಗ್ಗಿ ಎದ್ದಾಗ ಕೆಲವು ಸೆಕೆಂಡು ಮಬ್ಬು ಕವಿಯಬಹುದು, ಅಷ್ಟೇ. ಈ ಒತ್ತಡದಿಂದ ಬರುವ ಬೆಳಗಿನ ವಾಂತಿಗೆ ಹೊಟ್ಟೆಯ ಔಷಧ ಕೊಡುತ್ತಾ ತಿಂಗಳುಗಳು ಕಳೆದಿದ್ದರೆ ಅಷ್ಟರಲ್ಲಿ ನರದ ಎಳೆಗಳು ಸಾಯತೊಡಗಿರುತ್ತವೆ. ಸತ್ತ ಎಳೆ ಮತ್ತೆ ಬೆಳೆಯುವುದಿಲ್ಲ.

ಹಾಗಾಗಿ ಎಷ್ಟು ಎಳೆ ಉಳಿದಿದೆ ಅನ್ನುವುದರ ಮೇಲೆ ದೃಷ್ಟಿ ನಿಂತಿದೆ. ಇದನ್ನು ಓಸಿಟಿ ಸ್ಕ್ಯಾನ್ (ಬೆಳಕಿನಿಂದ ಕಣ್ಣಿನ ಒಳಪದರಗಳ ಚಿತ್ರ ತೆಗೆಯುವ ಪರೀಕ್ಷೆ) ಅಳೆಯುತ್ತದೆ. ಎಳೆಗಳ ಪದರ ಸಾಮಾನ್ಯವಾಗಿ 100 ಮೈಕ್ರಾನ್ ಆಸುಪಾಸು. ಆದರೆ ಒಂದೇ ವರದಿ ನೋಡಿ ಸಮಾಧಾನಪಡಬೇಡಿ. ಊದಿದ ನರ ಇಳಿಯುತ್ತಾ 100ಕ್ಕೆ ಬಂದಿದ್ದರೆ ಅದು ಗುಣವಾದ ಲೆಕ್ಕವೂ ಇರಬಹುದು, ಸವೆಯುತ್ತಾ 60ರ ಕಡೆ ಹೊರಟಿರುವ ಲೆಕ್ಕವೂ ಇರಬಹುದು. ಹಳೆಯ ವರದಿಗಳನ್ನು ಜೊತೆಗಿಟ್ಟು ನೋಡಿದರೆ ಮಾತ್ರ ತಿಳಿಯುತ್ತದೆ. ಊತ ಸಾಮಾನ್ಯವಾಗಿ ಕೆಲವು ವಾರಗಳಿಂದ ಎರಡು ಮೂರು ತಿಂಗಳಲ್ಲಿ ಇಳಿಯುತ್ತದೆ. ವರ್ಷ ಕಳೆದು ನರ ಬಿಳಿಚಿಕೊಂಡಿದ್ದರೆ ನರದಿಂದಾದ ನಷ್ಟ ಹೆಚ್ಚಾಗಿ ಹಾಗೇ ಉಳಿಯುತ್ತದೆ.

ಆದರೆ ಮಂದ ದೃಷ್ಟಿಯೆಲ್ಲ ನರದ್ದೇ ಅಲ್ಲ. ಒತ್ತಡಕ್ಕೆ ಆರನೇ ನರ (ಕಣ್ಣನ್ನು ಹೊರಕ್ಕೆ ತಿರುಗಿಸುವ ನರ) ಸೋತು ಕಣ್ಣು ಮೂಗಿನ ಕಡೆ ತಿರುಗಿರಬಹುದು. ಎಡಗಣ್ಣು ಹಾಗಾದ ಮಗು ಟಿವಿ ನೋಡುವಾಗ ಮುಖವನ್ನೇ ಎಡಕ್ಕೆ ತಿರುಗಿಸಿ ಕೂರುತ್ತದೆ. ಎರಡೆರಡು ಕಾಣುವುದನ್ನು ತಪ್ಪಿಸಲು ಮೆದುಳು ಆ ಕಣ್ಣಿನ ಚಿತ್ರವನ್ನು ಬದಿಗಿಟ್ಟರೆ ಅದು ಸೋಮಾರಿ ಕಣ್ಣಾಗುತ್ತದೆ. ಇದಕ್ಕೆ ಚಿಕಿತ್ಸೆಯಿದೆ: ಸರಿಯಾದ ಕನ್ನಡಕ, ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪ್ಯಾಚ್ (ಕಣ್ಣು ಮುಚ್ಚುವ ಪಟ್ಟಿ). ಏಳೆಂಟು ವರ್ಷದೊಳಗೆ ಶುರುವಾದರೆ ಫಲ ಹೆಚ್ಚು. ನಿಮ್ಮ ಮಗಳಿಗೆ ಇನ್ನೂ ಸಮಯವಿದೆ, ತಡಮಾಡಬೇಡಿ.

ಪ್ಯಾಚನ್ನು ಚರ್ಮಕ್ಕೇ ಅಂಟಿಸಿ; ಕನ್ನಡಕದ ಮೇಲೆ ಹಾಕಿದರೆ ಮಕ್ಕಳು ಸಂದಿಯಿಂದ ಇಣುಕುತ್ತಾರೆ. ಮನೆಯಲ್ಲಿ ಪರೀಕ್ಷಿಸುವಾಗಲೂ ಒಂದೊಂದೇ ಕಣ್ಣನ್ನು ಪೂರ್ತಿ ಮುಚ್ಚಿ. ಎರಡೂ ತೆರೆದಿದ್ದರೆ ಒಳ್ಳೆಯ ಕಣ್ಣು ಇನ್ನೊಂದರ ಕೊರತೆಯನ್ನು ಮುಚ್ಚಿಹಾಕುತ್ತದೆ.

ಒಂದು ಮಾತನ್ನು ಖಂಡಿತ ನೆನಪಿಡಿ. ಸವೆದ ನರ ಮತ್ತೆ ಊದಲಾರದು. ಗಡ್ಡೆ ಮರುಕಳಿಸಿ, ಇಲ್ಲವೇ ಶಂಟ್ (ಮೆದುಳಿನ ನೀರು ಹೊರಹರಿಯಲು ಇಟ್ಟ ಕೊಳವೆ) ಕಟ್ಟಿಕೊಂಡು ಒತ್ತಡ ಏರಿದರೂ ಕಣ್ಣು ನೋಡಿದವರಿಗೆ ‘ಊತವಿಲ್ಲ’ ಎಂದೇ ಕಾಣಬಹುದು. ತಲೆನೋವು, ವಾಂತಿ, ಮಂಪರು ಅಥವಾ ದೃಷ್ಟಿ ಇಳಿಕೆ ಕಂಡರೆ ‘ಊತವಿಲ್ಲ’ ಎಂಬ ಮಾತನ್ನು ನಂಬಿ ಕಾಯದೆ ಅಂದೇ ಶಸ್ತ್ರಚಿಕಿತ್ಸೆ ಮಾಡಿದ ನರರೋಗ ತಂಡದ ಬಳಿ ಹೋಗಿ.

ರೇಡಿಯೇಷನ್ ಆಗಿದ್ದರೆ ಕಣ್ಣಿನ ಪೊರೆ ಹಲವು ವರ್ಷಗಳ ನಂತರವೂ ಬರಬಹುದು. ಮೆದುಳಿನ ಊತ ಇಳಿಸುವ ಸ್ಟೀರಾಯ್ಡ್ ಡೆಕ್ಸಾಮೆಥಸೋನ್ ಬಹಳ ದಿನ ಕೊಟ್ಟಿದ್ದರೆ ಕಣ್ಣಿನ ಒತ್ತಡವನ್ನೂ ಅಳೆಸಿ. ದೃಷ್ಟಿ ಸ್ಥಿರವಾದ ಮೇಲೂ ವರ್ಷಕ್ಕೊಮ್ಮೆ ತಪಾಸಣೆ ಬೇಕು, ದೊಡ್ಡವಳಾದ ಮೇಲೂ.

ಶಾಲೆಯಲ್ಲಿ ಮುಂದಿನ ಬೆಂಚು ಮತ್ತು ದಪ್ಪಕ್ಷರದ ನೋಟ್ಸ್ ಈಗಲೇ ಕೇಳಿ. ವೈದ್ಯಕೀಯ ಮಂಡಳಿ ಶೇ. 40 ಅಥವಾ ಹೆಚ್ಚಿನ ದೃಷ್ಟಿದೋಷ ಪ್ರಮಾಣೀಕರಿಸಿದರೆ ಯುಡಿಐಡಿ ಕಾರ್ಡ್ (ಅಂಗವಿಕಲರ ಸರ್ಕಾರಿ ಗುರುತಿನ ಚೀಟಿ) ಮಾಡಿಸಿ. ಮುಂದೆ ಪಬ್ಲಿಕ್ ಪರೀಕ್ಷೆಯಲ್ಲಿ ಅವಳ ಪರವಾಗಿ ಉತ್ತರ ಬರೆಯುವವರನ್ನೂ ಹೆಚ್ಚುವರಿ ಸಮಯವನ್ನೂ ಕೇಳಲು ಆ ದಾಖಲೆ ಬೇಕಾಗುತ್ತದೆ.