ಉಪ್ಪು ನೀರು ಕುಡಿಯುವ ಕಾಲ

ಒಂದೇ ಥರದ ಎರಡು ಹಳೇ ಪಿಕಪ್‌ಗಳು. ಎರಡೂ ಉಪ್ಪು ಚೆಲ್ಲಿದ ಹಿಮದ ರಸ್ತೆಯಲ್ಲಿ ಓಡಿ ಬಂದಿವೆ. ಒಂದನ್ನು ಕೊರೆಯುವ ಚಳಿಯಲ್ಲಿ ರಾತ್ರಿಯಿಡೀ ಬಯಲಲ್ಲೇ ಬಿಟ್ಟರು. ಇನ್ನೊಂದನ್ನು, ಪಾಪ ಅಂತ, ಹೀಟರ್ ಇರುವ ಗ್ಯಾರೇಜಿಗೆ ತಂದು ನಿಲ್ಲಿಸಿದರು. ಯಾವುದಕ್ಕೆ ತುಕ್ಕು ಜಾಸ್ತಿ? ಬೆಚ್ಚಗೆ ಮಲಗಿದ್ದಕ್ಕೇ.

ಇದು ಹೇಗೆ ಅಂತ ಅರ್ಥವಾದರೆ ಚಳಿಗಾಲದಲ್ಲಿ ಹಳೇ ಪಿಕಪ್ ಕಾಪಾಡುವ ಕೆಲಸ ಅರ್ಧ ಮುಗಿದಂತೆ. ಎಷ್ಟೋ ಜನ ಪ್ರೀತಿಯಿಂದಲೇ ಗಾಡಿಯನ್ನು ಹಾಳು ಮಾಡುತ್ತಾರೆ. ಅದು ನೋಡಿದಾಗ ನಿಜವಾಗಿ ಹೊಟ್ಟೆ ಉರಿಯುತ್ತದೆ.

ಇಲ್ಲಿ ಹೇಳುತ್ತಿರುವುದು 1947ರಲ್ಲಿ ಬಂದ ಶೆವ್ರೊಲೆ ಅಡ್ವಾನ್ಸ್ ಡಿಸೈನ್, 1948ರ ಫೋರ್ಡ್ ಎಫ್-1, 1953ರ ಎಫ್-100, ಆಮೇಲಿನ ಶೆವ್ರೊಲೆ ಸಿ10 ಇಂಥ ಗಾಡಿಗಳ ಬಗ್ಗೆ. ಇವು ಶೋಕಿಗೆ ಮಾಡಿದವಲ್ಲ, ಹುಲ್ಲು, ಮರ, ಸಿಮೆಂಟು ಹೊರುವುದಕ್ಕೆ ಮಾಡಿದವು. ಚಾಸಿ ದಪ್ಪ ಉಕ್ಕು. ಕ್ಯಾಬಿನ್ ಮಾತ್ರ ತಗಡು. ಆ ತಗಡನ್ನು ಮಡಿಸಿ, ಒಂದರ ಮೇಲೊಂದು ಇಟ್ಟು, ಅಲ್ಲಲ್ಲಿ ಬೆಸುಗೆ ಹಾಕಿರುತ್ತಾರೆ. ಇವತ್ತಿನ ಗಾಡಿಗಳ ತಗಡಿಗೆ ಇರುವ ಸತುವಿನ ಲೇಪ ಅವಕ್ಕಿಲ್ಲ. ಮಡಿಕೆಗಳ ಒಳಗೆ ಬಣ್ಣವೂ ಸರಿಯಾಗಿ ಇಳಿದಿರುವುದಿಲ್ಲ.

ಅಮೆರಿಕದಲ್ಲಿ ರಸ್ತೆಗೆ ಉಪ್ಪು ಹಾಕಿ ನೋಡಿದ ಮೊದಲ ರಾಜ್ಯ ನ್ಯೂ ಹ್ಯಾಂಪ್‌ಶೈರ್, 1938ರಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದು ಎಲ್ಲ ಕಡೆ ಹಬ್ಬಿತು. ಅಂದರೆ ಈ ಪಿಕಪ್‌ಗಳು ಹುಟ್ಟಿದ್ದೂ, ರಸ್ತೆಗೆ ಉಪ್ಪು ಬಂದಿದ್ದೂ ಹೆಚ್ಚುಕಮ್ಮಿ ಒಟ್ಟಿಗೇ. ಆದರೆ ಗಾಡಿ ಕಟ್ಟಿದವರು ಉಪ್ಪಿನ ಲೆಕ್ಕ ಹಿಡಿದಿರಲಿಲ್ಲ.

ಉಪ್ಪು ಮಂಜುಗಡ್ಡೆಯನ್ನು ಹೇಗೆ ಕರಗಿಸುತ್ತದೆ? ಮಂಜುಗಡ್ಡೆಯ ಮೇಲೆ ಯಾವಾಗಲೂ ಕೊಡು-ಕೊಳ್ಳುವುದು ನಡೆದೇ ಇರುತ್ತದೆ. ಕೆಲವು ನೀರಿನ ಅಣುಗಳು ಗಡ್ಡೆ ಬಿಟ್ಟು ನೀರಿಗೆ ಹೋಗುತ್ತವೆ, ಕೆಲವು ವಾಪಸ್ ಬಂದು ಅಂಟಿಕೊಳ್ಳುತ್ತವೆ. ಆ ನೀರಿನಲ್ಲಿ ಉಪ್ಪು ಬೆರೆತರೆ ವಾಪಸ್ ಬರುವವು ಕಡಿಮೆಯಾಗುತ್ತವೆ, ಬಿಟ್ಟು ಹೋಗುವವು ಹೋಗುತ್ತಲೇ ಇರುತ್ತವೆ. ಗಡ್ಡೆ ಕರಗುತ್ತದೆ. ಸುಮಾರು 23 ಶೇಕಡಾ ಉಪ್ಪಿರುವ ನೀರು ಮೈನಸ್ 21 ಡಿಗ್ರಿ ಸೆಲ್ಸಿಯಸ್‌ವರೆಗೂ ಹೆಪ್ಪುಗಟ್ಟುವುದಿಲ್ಲ. ರಸ್ತೆಗೆ ಅದು ವರ. ತಗಡಿಗೆ? ಚಳಿಗಾಲವಿಡೀ ಒಣ ಗಡ್ಡೆಯಾಗಿ ಸುಮ್ಮನೆ ಬಿದ್ದಿರಬೇಕಾದ ನೀರು ಈಗ ಹರಿಯುವ ನೀರಾಗಿ ಗಾಡಿಯ ಸಂದುಗೊಂದುಗಳಿಗೆಲ್ಲ ನುಗ್ಗುತ್ತದೆ.

ತುಕ್ಕು ಹಿಡಿಯುವುದನ್ನು ಕಣ್ಣಾರೆ ನೋಡುವ ಒಂದು ಸೊಗಸಾದ ಪ್ರಯೋಗವಿದೆ. ಕೇಂಬ್ರಿಜ್‌ನ ಯೂಲಿಕ್ ಎವನ್ಸ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಇದನ್ನು ಹೆಸರುವಾಸಿ ಮಾಡಿದರು. ಉಕ್ಕಿನ ತಗಡೊಂದನ್ನು ಮರಳು ಕಾಗದದಿಂದ ಚೆನ್ನಾಗಿ ಉಜ್ಜಿ ಹೊಳಪು ತರಬೇಕು. ಅದರ ಮೇಲೆ ಒಂದೇ ಒಂದು ಹನಿ ಉಪ್ಪುನೀರು. ಹನಿಯಲ್ಲಿ ಎರಡು ಬಣ್ಣ ತೋರುವ ರಾಸಾಯನಿಕ ಬೆರೆಸಿರುತ್ತಾರೆ. ಒಂದು, ಕಬ್ಬಿಣ ಕರಗಿದ ಕಡೆ ನೀಲಿಯಾಗುತ್ತದೆ. ಇನ್ನೊಂದು, ಕ್ಷಾರ ಹುಟ್ಟಿದ ಕಡೆ ಗುಲಾಬಿಯಾಗುತ್ತದೆ. ಮೊದಲು ಎರಡೂ ಬಣ್ಣ ಅಲ್ಲಲ್ಲಿ ಚುಕ್ಕಿಚುಕ್ಕಿಯಾಗಿ ಕಾಣಿಸುತ್ತವೆ. ಸ್ವಲ್ಪ ಹೊತ್ತು ಕಾದರೆ ಹನಿಯ ನಡುವೆ ನೀಲಿ, ಸುತ್ತ ಅಂಚಿಗೆ ಗುಲಾಬಿ ಬಳೆ. ಇವೆರಡರ ಮಧ್ಯೆ ಕಂದು ಬಣ್ಣದ ತುಕ್ಕಿನ ಉಂಗುರ ಮೂಡುತ್ತದೆ.

ಆ ಒಂದು ಹನಿ ಪುಟ್ಟ ಬ್ಯಾಟರಿ. ಅಂಚಿನಲ್ಲಿ ನೀರು ತೆಳು, ಗಾಳಿಯ ಆಮ್ಲಜನಕ ಸುಲಭವಾಗಿ ಇಳಿಯುತ್ತದೆ. ನಡುವೆ ನೀರು ಆಳ, ಆಮ್ಲಜನಕ ಕಡಿಮೆ. ನಡುವಿನ ಕಬ್ಬಿಣ ಕರಗಿ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಅವು ತಗಡಿನೊಳಗೆ ಹರಿದು ಅಂಚಿಗೆ ಹೋಗಿ ಆಮ್ಲಜನಕಕ್ಕೆ ಸಿಗುತ್ತವೆ. ಉಪ್ಪು ಆ ನೀರಿನಲ್ಲಿ ವಿದ್ಯುತ್ತಿಗೆ ದಾರಿ ಮಾಡಿಕೊಟ್ಟು ಈ ವ್ಯವಹಾರವನ್ನು ಜೋರು ಮಾಡುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಕಬ್ಬಿಣದ ಮೈಮೇಲಿನ ತೆಳು ರಕ್ಷಣೆಯ ಪೊರೆಯನ್ನೂ ಹರಿಯುತ್ತದೆ.

ಇದರಲ್ಲಿ ಗಮನಿಸಬೇಕಾದ್ದು ಒಂದಿದೆ. ಗಾಳಿ ಚೆನ್ನಾಗಿ ಆಡುವ ಕಡೆಯಲ್ಲ, ಗಾಳಿ ಸಿಗದ ಕಡೆ ಕಬ್ಬಿಣ ಸವೆಯುತ್ತದೆ. ಹಳೇ ಪಿಕಪ್ ಎಲ್ಲಿ ಕೊಳೆಯುತ್ತದೆ ನೋಡಿ. ಕ್ಯಾಬಿನ್ನಿನ ಹಿಂದಿನ ಕೆಳ ಮೂಲೆಗಳು, ಬಾಗಿಲ ಕೆಳಗಿನ ಉದ್ದ ಪೆಟ್ಟಿಗೆಯಂಥ ಭಾಗ, ಚಕ್ರದ ಮೇಲಿನ ಕಮಾನಿನ ಒಳಮಡಿಕೆ, ಕ್ಯಾಬಿನ್ ಚಾಸಿಯ ಮೇಲೆ ಕೂರುವ ಜಾಗ. ಎಲ್ಲವೂ ಕೆಸರು ತುಂಬಿ, ಗಾಳಿ ಆಡದೆ, ವಾರಗಟ್ಟಲೆ ಒದ್ದೆ ಇರುವ ಕಡೆಗಳು. ಎವನ್ಸ್ ಹನಿಯ ನಡುಭಾಗ ಇದ್ದಂತೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಬಣ್ಣ ಗುಳ್ಳೆ ಎದ್ದು ಹೊರಗೆ ಕಾಣುವ ಹೊತ್ತಿಗೆ ಒಳಗೆ ಗೆದ್ದಲು ತಿಂದ ಬಾಗಿಲಿನ ಸ್ಥಿತಿ. ಬೆರಳಿಟ್ಟು ಒತ್ತಿದರೆ ತಗಡು ಕರ್ ಅನ್ನುತ್ತದೆ, ಬೆರಳು ಒಳಗೇ ಹೋಗುತ್ತದೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರಲ್ಲ, ಇಲ್ಲಿ ಉಪ್ಪೇ ನೀರು ಕುಡಿಯುತ್ತದೆ. ಗಾಳಿಯಲ್ಲಿ ತೇವಾಂಶ 75 ಶೇಕಡಾ ದಾಟಿದರೆ ಸಾಮಾನ್ಯ ಉಪ್ಪು ತಾನೇ ನೀರೆಳೆದುಕೊಂಡು ಕರಗುತ್ತದೆ. ಕಡು ಚಳಿಯ ರಸ್ತೆಗಳಿಗೆ ಹಾಕುವ ಮೆಗ್ನೀಸಿಯಂ ಕ್ಲೋರೈಡ್ ಇನ್ನೂ ಬಾಯಾರಿದ್ದು. ಅದಕ್ಕೆ 33 ಶೇಕಡಾ ಸಾಕು. ಮಳೆ, ಹಿಮ ಏನೂ ಇಲ್ಲದ ದಿನವೂ ಗಾಡಿಯ ಹೊಟ್ಟೆಯಡಿ ತೇವ ಆರುವುದೇ ಇಲ್ಲ.

ಈಗ ಆ ಬೆಚ್ಚಗಿನ ಗ್ಯಾರೇಜಿಗೆ ಬನ್ನಿ. ರಾಸಾಯನಿಕ ಕ್ರಿಯೆಗಳ ವೇಗ 10 ಡಿಗ್ರಿ ಏರಿದಾಗ ಸುಮಾರಾಗಿ ಎರಡು ಪಟ್ಟಾಗುತ್ತದೆ ಎಂಬುದು ಒಂದು ಅಂದಾಜು ಲೆಕ್ಕ. ಮೈನಸ್ 10ರಿಂದ 20 ಡಿಗ್ರಿಗೆ ತಂದರೆ ಮೂರು ಸಲ ದುಪ್ಪಟ್ಟು, ಅಂದರೆ ಎಂಟು ಪಟ್ಟು. ಅದರ ಮೇಲೆ ಚಕ್ರದ ಕಮಾನಿನಲ್ಲಿ ಕಟ್ಟಿಕೊಂಡಿದ್ದ ಉಪ್ಪು ಹಿಮವೆಲ್ಲ ಕರಗಿ ಮಡಿಕೆಗಳಿಗೆ ಇಳಿಯುತ್ತದೆ. ಮುಚ್ಚಿದ ಕೋಣೆ, ಗಾಳಿ ಒದ್ದೆ. ಬೆಳಗ್ಗೆ ಆ ಗಾಡಿ ಮತ್ತೆ ರಸ್ತೆಗೆ, ಮತ್ತೆ ಉಪ್ಪಿಗೆ. ಹೊರಗೆ ನಿಂತ ಗಾಡಿಯಲ್ಲಿ ರಾತ್ರಿ ಪೂರ್ತಿ ಇದೆಲ್ಲ ಬಹಳ ನಿಧಾನ. ಹೀಟರ್ ಇಲ್ಲದ, ಗಾಳಿ ಆಡುವ ಶೆಡ್ ಎಲ್ಲಕ್ಕಿಂತ ಮೇಲು. ಬಿಸಿ ಗ್ಯಾರೇಜೇ ಇರುವುದು ಅಂದರೆ ಮೊದಲು ತೊಳೆದು ಒಳಗೆ ತನ್ನಿ.

ತೊಳೆಯುವುದಕ್ಕೆ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿರುವ ದಿನ ಹುಡುಕಿ. ಮೈ ಮಿರಮಿರ ಮಾಡುವುದು ಆಮೇಲೆ. ಮೊದಲು ಕೆಳಗಿನಿಂದ. ಜೋರು ಒತ್ತಡದ ನೀರು ಮಡಿಕೆಯೊಳಗೆ ಉಪ್ಪನ್ನು ಇನ್ನಷ್ಟು ತಳ್ಳಬಹುದು. ನನಗೆ ಕೇಳಿದರೆ, ತೋಟಕ್ಕೆ ನೀರು ಬಿಡುವ ಸಾದಾ ಪೈಪಿನಿಂದ ಧಾರಾಳವಾಗಿ, ನಿಧಾನಕ್ಕೆ ಹರಿಸಿ ಅನ್ನುತ್ತೇನೆ. ಬಾಗಿಲುಗಳ ಅಡಿಯಲ್ಲಿ ನೀರು ಇಳಿಯಲು ಸಣ್ಣ ತೂತುಗಳಿವೆ. ಅವು ಎಲೆ, ಮಣ್ಣು ಸೇರಿ ಕಟ್ಟಿಕೊಂಡಿರುತ್ತವೆ. ತೆಳು ಕಡ್ಡಿ ಹಾಕಿ ಬಿಡಿಸಿ. ಕಪ್ಪಗಿನ ನೀರು ಸುರಿದು ಕೊನೆಗೆ ತಿಳಿ ಬರುವವರೆಗೂ ಬಿಡಬೇಡಿ. ಆ ಒಂದು ತೂತು ಬಿಡಿಸಿದರೆ ನೂರಾರು ಗಂಟೆಯ ಬೆಸುಗೆ ಕೆಲಸ ತಪ್ಪುತ್ತದೆ.

ಲೇಪದ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಡಾಂಬರಿನಂಥ, ಒಣಗಿ ಗಟ್ಟಿಯಾಗುವ ಕಪ್ಪು ಲೇಪ ಹಳೇ ಗಾಡಿಗೆ ಬೇಡ. ವರ್ಷಗಳು ಕಳೆದಂತೆ ಅದು ಬಿರಿಯುತ್ತದೆ. ಬಿರುಕಿನಲ್ಲಿ ಉಪ್ಪುನೀರು ಹೋಗಿ ಒಳಗೆ ಸಿಕ್ಕಿಕೊಳ್ಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಎಣ್ಣೆಯ ಥರದ್ದು, ಅದರಲ್ಲೂ ಕುರಿಯ ಉಣ್ಣೆಯಿಂದ ತೆಗೆಯುವ ಲ್ಯಾನೊಲಿನ್ ಕೊಬ್ಬು, ಒಣಗದೆ ಮೆಲ್ಲಗೆ ಹರಿದು ಮಡಿಕೆಗಳ ಒಳಗೆ ಸೇರುತ್ತದೆ. ಮಳೆ ಹಿಮದಲ್ಲಿ ಕುರಿಯ ಮೈ ಕಾಯುವುದು ಅದೇ ಕೊಬ್ಬು. ಪ್ರತಿ ವರ್ಷ, ಉಪ್ಪಿನ ಕಾಲಕ್ಕೆ ಮುಂಚೆ, ಒಣಗಿದ ಸ್ವಚ್ಛ ತಗಡಿಗೆ ಹೊಡೆಸಬೇಕು. ಕೈಗೆ ಅಂಟುತ್ತದೆ, ಧೂಳು ಹಿಡಿಯುತ್ತದೆ. ಹಿಡಿಯಲಿ ಬಿಡಿ.

ಬ್ಯಾಟರಿಗೆ ತಂತಿ ಜೋಡಿಸಿ ತುಕ್ಕು ತಡೆಯುತ್ತೇವೆ ಅನ್ನುವ ಪೆಟ್ಟಿಗೆಗಳೂ ಇವೆ. ಅದರ ಹಿಂದಿನ ತತ್ವ ಸುಳ್ಳಲ್ಲ. 1824ರಲ್ಲಿ ಹಂಫ್ರಿ ಡೇವಿ ಹಡಗಿನ ತಾಮ್ರದ ಹೊದಿಕೆಯನ್ನು ಬೇರೆ ಲೋಹದ ತುಂಡು ಜೋಡಿಸಿ ಕಾಪಾಡಬಹುದು ಅಂತ ತೋರಿಸಿದ್ದರು. ಆದರೆ ಹಡಗು ನೀರಿನಲ್ಲೇ ಮುಳುಗಿರುತ್ತದೆ, ವಿದ್ಯುತ್ ಸುತ್ತು ತಿರುಗಿ ಬರಲು ಸಮುದ್ರವೇ ದಾರಿ. ಗಾಡಿಯ ಸುತ್ತ ಇರುವುದು ಗಾಳಿ. ಅಲ್ಲೊಂದು ಇಲ್ಲೊಂದು ಹನಿಗಳಿಗೆ ಆ ದಾರಿ ಇಲ್ಲ. ಆ ದುಡ್ಡನ್ನು ಲ್ಯಾನೊಲಿನ್‌ಗೆ ಹಾಕಿ.

ಇನ್ನು ಓಡಿಸುವುದು. ಖಾಲಿ ಪಿಕಪ್‌ನಲ್ಲಿ ಎಂಜಿನ್, ಗೇರ್‌ಬಾಕ್ಸ್, ಕ್ಯಾಬಿನ್ ಎಲ್ಲ ಮುಂದೆ. ತಳ್ಳುವ ಚಕ್ರ ಹಿಂದೆ. ಹಿಡಿತ ಬರುವುದು ಚಕ್ರದ ಮೇಲೆ ಬಿದ್ದ ಭಾರದಿಂದ, ಆ ಭಾರವೇ ಅಲ್ಲಿಲ್ಲ. ಹಳೇ ಡಿಫರೆನ್ಷಿಯಲ್ ಎರಡು ಚಕ್ರಕ್ಕೂ ಒಂದೇ ಬಲ ಹಂಚುತ್ತದೆ. ಒಂದು ಚಕ್ರ ಮಂಜುಗಡ್ಡೆಯ ಮೇಲೆ ಸುಮ್ನೆ ತಿರುಗಿದರೆ ಇನ್ನೊಂದಕ್ಕೆ ಸಿಗುವುದೂ ಅಷ್ಟೇ ಅಲ್ಪ ಬಲ. 100-150 ಕಿಲೋ ಮರಳು ಮೂಟೆ ಹಿಂದಿನ ಆಕ್ಸಲ್ ಮೇಲೆ ಸರಿಯಾಗಿ ಇಡಿ. ಇನ್ನೂ ಹಿಂದಕ್ಕೆ ಇಟ್ಟರೆ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಮೂಟೆ ಬಿಗಿಯಾಗಿ ಕಟ್ಟಿ, ಇಲ್ಲದಿದ್ದರೆ ಜೋರು ಬ್ರೇಕಿಗೆ ಅದೇ ಕ್ಯಾಬಿನ್ನಿಗೆ ಬಂದು ಗುದ್ದುತ್ತದೆ. ಸಿಕ್ಕಿಬಿದ್ದರೆ ಚಕ್ರದಡಿ ಚೆಲ್ಲಲು ಮರಳು ಕೈಯಲ್ಲೇ ಇರುತ್ತದೆ.

ಆದರೆ ಮೂಟೆ ಹೊರಡಲು ಸಹಾಯ, ನಿಲ್ಲಲು ಅಲ್ಲ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಒಣ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಸುಮಾರು 14 ಮೀಟರಿಗೆ ನಿಲ್ಲುವ ಗಾಡಿ, ಮಂಜುಗಡ್ಡೆಯ ಮೇಲೆ 100 ಮೀಟರ್ ಹತ್ತಿರ ಜಾರಬಹುದು. ಸೊನ್ನೆ ಡಿಗ್ರಿಯ ಆಸುಪಾಸಿನ ಒದ್ದೆ ಮಂಜುಗಡ್ಡೆ ಕಡು ಚಳಿಯದಕ್ಕಿಂತ ಜಾಸ್ತಿ ಜಾರುತ್ತದೆ. 'ಇವತ್ತು ಅಷ್ಟೇನೂ ಚಳಿ ಇಲ್ಲ' ಅನ್ನುವ ದಿನವೇ ಹುಷಾರು. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಈ ಗಾಡಿಗಳಿಗೆ ಇಲ್ಲ. ಚಕ್ರ ಕಚ್ಚಿಕೊಂಡರೆ ಸ್ಟೀರಿಂಗ್ ಕೆಲಸ ಮಾಡುವುದಿಲ್ಲ, ಒತ್ತಿ ಬಿಟ್ಟು ಒತ್ತಿ ಬಿಟ್ಟು ನಿಲ್ಲಿಸಬೇಕು. ಟೈರ್ ವಿಷಯದಲ್ಲಿ ಮಾತ್ರ ಹಳೇ ರೂಪದ ಆಸೆ ಬಿಡಿ. ಬೇಸಿಗೆ ಟೈರಿನ ರಬ್ಬರು 7 ಡಿಗ್ರಿ ಕೆಳಗೆ ಗಟ್ಟಿಯಾಗತೊಡಗುತ್ತದೆ. ಚಳಿಗಾಲದ್ದೇ ಟೈರು ಹಾಕಿ. ಫಿನ್ಲೆಂಡಿನಲ್ಲಿ 1934ರಲ್ಲೇ ಅಂಥದ್ದನ್ನು ಮಾಡಿದರು, ಅದೂ ಮೊದಲು ಟ್ರಕ್ಕಿಗೇ.

ಸ್ಟಾರ್ಟ್ ಆಗದಿದ್ದರೆ ಮೊದಲು ಬ್ಯಾಟರಿ ತಂತಿ ನೋಡಿ. ಫೋರ್ಡ್ ಪಿಕಪ್‌ಗಳು 1955ರ ಮಾಡೆಲ್‌ವರೆಗೆ 6 ವೋಲ್ಟಿನವು, ಆಮೇಲಿನವು 12. 6 ವೋಲ್ಟಿನಲ್ಲಿ ಅಷ್ಟೇ ಕೆಲಸಕ್ಕೆ ಎರಡು ಪಟ್ಟು ಕರೆಂಟ್ ಹರಿಯಬೇಕು, ಸವೆದ ತೆಳು ತಂತಿ ತಡೆದುಕೊಳ್ಳುವುದಿಲ್ಲ. ಮೈನಸ್ 18ರಲ್ಲಿ ಬ್ಯಾಟರಿಯ ಶಕ್ತಿ ಅರ್ಧಕ್ಕಿಂತ ಕಡಿಮೆ, ಎಂಜಿನ್ ಎಣ್ಣೆ ಜೇನಿನಂತೆ ದಪ್ಪ. ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲಂಟಿನದು ಒಂದು ವಿಚಿತ್ರ. ಅದು ಹೆಪ್ಪುಗಟ್ಟದಿರಲಿ ಅಂತ ಹಾಕುವ ಎಥಿಲೀನ್ ಗ್ಲೈಕಾಲ್, ನೀರು ಬೆರೆಸದಿದ್ದರೆ, ಮೈನಸ್ 13ಕ್ಕೇ ಹೆಪ್ಪುಗಟ್ಟುತ್ತದೆ. ಅರ್ಧ ನೀರು ಬೆರೆಸಿದರೆ ಮೈನಸ್ 37ರವರೆಗೆ ತಾಳುತ್ತದೆ. ಹೆಚ್ಚು ಸುರಿದರೆ ಹೆಚ್ಚು ರಕ್ಷಣೆ ಅಂದುಕೊಳ್ಳಬೇಡಿ.

ಚಳಿಗಾಲವಿಡೀ ನಿಲ್ಲಿಸಿಯೇ ಇಡುವವರು ಒಂದು ಅಭ್ಯಾಸ ಬಿಡಬೇಕು. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕ ಸೇರಿ ಆದ ನೀರು. ಎಂಜಿನ್ ಪೂರ್ತಿ ಬಿಸಿಯಾದರೆ ಅದು ಆವಿಯಾಗಿ ಹೋಗುತ್ತದೆ. ಐದೇ ನಿಮಿಷಕ್ಕೆ ನಿಲ್ಲಿಸಿದರೆ ಸೈಲೆನ್ಸರಿನಲ್ಲೂ ಎಣ್ಣೆಯಲ್ಲೂ ಉಳಿಯುತ್ತದೆ. ಓಡಿಸುವುದಾದರೆ ಒಣ ದಿನ ನೋಡಿ ಅರ್ಧ ಗಂಟೆ ಓಡಿಸಿ. ಇಲ್ಲ ಅಂದರೆ ಮುಟ್ಟಲೇಬೇಡಿ. ಪ್ಲಾಸ್ಟಿಕ್ ಹೊದಿಸಬೇಡಿ, ಉಸಿರಾಡುವ ಬಟ್ಟೆ ಹೊದಿಸಿ.

ಹಿಮ ಕರಗಿದ ತಕ್ಷಣ ಹೊರಗೆ ತೆಗೆಯುವ ಆತುರ ನನಗೂ ಅರ್ಥವಾಗುತ್ತದೆ. ಆದರೆ ಆಗ ಉಪ್ಪು ಇನ್ನೂ ರಸ್ತೆಯ ಅಂಚಿನಲ್ಲಿ ಬಿಳಿ ಪುಡಿಯಾಗಿ ಬಿದ್ದಿರುತ್ತದೆ, ಬಿಸಿಲೂ ಏರಿರುತ್ತದೆ. ಎರಡು ಮೂರು ಒಳ್ಳೆಯ ಮಳೆ ಬಂದು ರಸ್ತೆ ತೊಳೆಯಲಿ. ಅಷ್ಟರಲ್ಲಿ ಟಾರ್ಚ್ ಹಿಡಿದು ಗಾಡಿಯಡಿ ಮಲಗಿ, ಬ್ರೇಕಿನ ಉಕ್ಕಿನ ಕೊಳವೆಗಳನ್ನು ಉದ್ದಕ್ಕೂ ನೋಡುತ್ತಾ ಹೋಗಿ. ಚಾಸಿಗೆ ಕ್ಲಿಪ್ ಹಾಕಿ ಹಿಡಿಸಿದ ಕಡೆಯೇ ಗಾಳಿ ಆಡದ ಜಾಗ. ಕ್ಲಿಪ್ ಬಿಚ್ಚಿ, ಅದರ ಹಿಂದೆ ಬಟ್ಟೆಯಿಂದ ಒರೆಸಿ ನೋಡಿ. ಕೊಳವೆಯ ಮೈ ಹಕ್ಕಳೆ ಎದ್ದಿದ್ದರೆ ಅದನ್ನು ಬದಲಾಯಿಸಿದ ಮೇಲೇ ಕೀಲಿ ತಿರುಗಿಸಿ.